ಅರ್ಧಕ್ಕೆ ಬಿಟ್ಟ ಹಲ್ಲು

ಹೋದ ಸಂಕ್ರಾಂತಿಗೆ ಮನೆಮಂದಿಯೆಲ್ಲ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟಕಟನೆ ಮುರಿಯುತ್ತಿದ್ದರೆ, ನಾನೊಬ್ಬಳು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ಕೂತಿದ್ದೆ. ಮೂರು ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿಸಿದ್ದ ದವಡೆ ಹಲ್ಲು ಮತ್ತೆ ಸಿಡಿಯತೊಡಗಿತ್ತು.

“ನರಾನ ತಗಿಸೀನಿ ಅಂದಿದ್ದಿ, ಮತ್ಯಾಕ ನೋವು? ಕೀಳಿಸಿ ಒಗದಬಿಡು” ಅಂದರು ಅತ್ತೆ. ಅವರ ಬಾಯಲ್ಲಿ ಉಳಿದದ್ದು ನಾಲ್ಕೇ ಹಲ್ಲು. ಅದನ್ನು ನೋಡಿಯೇ ನನಗೆ ಕೀಳಿಸಲು ಮನಸ್ಸಾಗಲಿಲ್ಲ.

ಮುಧೋಳದಿಂದ ಬಸ್ಸು ಹತ್ತಿ ಬಾಗಲಕೋಟೆಗೆ ಹೋದೆ. ಎಕ್ಸ್‌ರೇ ನೋಡಿದ ಡಾಕ್ಟರಮ್ಮ ಕೇಳಿದ್ದು ಒಂದೇ ಮಾತು: “ಕ್ಯಾಪ್ ಯಾಕ ಹಾಕಿಸಲಿಲ್ರಿ?”

ನನ್ನ ತಲೆ ತಗ್ಗಿತು. ಕ್ಯಾಪಿಗೆಂದು ಇಟ್ಟ ರೊಕ್ಕ ಮಗಳ ಕಾಲೇಜು ಫೀಗೆ ಹೋಗಿತ್ತು. ನೋವಿಲ್ಲವಲ್ಲ ಎಂದು ನಾನೂ ಸುಮ್ಮನಾಗಿದ್ದೆ. ಮೇಲಿನ ಸಿಮೆಂಟು ಸವೆದು, ಸಂದಿಯಿಂದ ಎಂಜಲು ಇಳಿದು, ಬೇರಿನ ತುದಿಗೆ ಕೀವಾಗಿತ್ತು. ಯಾರನ್ನು ಬೈಯಲಿ?

ಹೊಸದು ತುಂಬಬೇಕಾದರೆ ಹಳೆಯದು ಹೊರಗೆ ಬರಬೇಕು. ಬೇರಿನೊಳಗೆ ತುಂಬುವುದು ಗಟ್ಟಾಪರ್ಚಾ ಎಂಬ, ಮಲಯ ಸೀಮೆಯ ಮರದ ಹಾಲಿನ ವಸ್ತು. 1851ರಲ್ಲಿ ಇಂಗ್ಲೆಂಡ್‌–ಫ್ರಾನ್ಸ್ ನಡುವೆ ಸಮುದ್ರದ ತಳದಲ್ಲಿ ಎಳೆದ ತಂತಿಗೂ, ನೀರು ತಾಗದಿರಲೆಂದು, ಇದನ್ನೇ ಹೊದಿಸಿದ್ದರಂತೆ. ಅಂಥದ್ದು ಸುಲಭಕ್ಕೆ ಬಂದೀತೇ?

ಬೆಲ್ಲದ ಪಾಕ ತಳ ಹಿಡಿದರೆ ನಾವು ಪಾತ್ರೆಯನ್ನು ಕೆರೆಯುತ್ತೇವೆಯೇ? ಬಿಸಿನೀರು ಹಾಕಿ ಮೆತ್ತಗಾಗಿಸುತ್ತೇವೆ. ಇಲ್ಲಿಯೂ ಹಾಗೆಯೇ. ಮೇಲಿನ ಭಾಗವನ್ನು ಕಾಸಿದ ಉಪಕರಣದಿಂದ ತೆಗೆದರು. ಆಮೇಲೆ ಕರಗಿಸುವ ಔಷಧದ ಹನಿ ಬಿಟ್ಟು, ಸೂಜಿಯಂಥ ಸಣ್ಣ ಅರದಿಂದ ತಿರುವಿ ತಿರುವಿ ಎಳೆದರು. ಗುಲಾಬಿ ಬಣ್ಣದ ಚೂರುಗಳು ಬಂದವು. ಅವಸರ ಮಾಡಿದರೆ ಅರ ಒಳಗೇ ಮುರಿಯಬಹುದು, ಬೇರಿಗೆ ತೂತೂ ಬೀಳಬಹುದು. ನಡುನಡುವೆ ಔಷಧದ ನೀರಿನಿಂದ ತೊಳೆದು, ಎಕ್ಸ್‌ರೇ ತೆಗೆದು, ಏನಾದರೂ ಉಳಿದಿದೆಯೇ ಎಂದು ನೋಡಿದರು. ಒಳಗೆ ಔಷಧ ಇಟ್ಟು ಕಳಿಸಿ, ಮುಂದಿನ ಸಲ ಹೊಸದಾಗಿ ತುಂಬಿದರು.

“ಎರಡನೇ ಸಲಾನೂ ನೂರಕ್ಕ ನೂರು ಅನ್ನಾಕ ಬರೂದಿಲ್ಲ, ತಪಾಸಣೆಗೆ ಬರ್ರಿ” ಎಂದು ಮೊದಲೇ ಹೇಳಿದ್ದರು.

ಈ ಸಲ ಬಳೆಗೆಂದು ಕೂಡಿಟ್ಟ ದುಡ್ಡಿನಲ್ಲಿ ಮೊದಲು ಕ್ಯಾಪ್ ಹಾಕಿಸಿದೆ. ಸೋದರಿಯರೇ, ಮನೆಯ ಖರ್ಚಿನ ಪಟ್ಟಿಯಲ್ಲಿ ನಮ್ಮ ಹೆಸರನ್ನು ಕೊನೆಗೆ ಬರೆಯುವವರು ನಾವೇ ಅಲ್ಲವೇ? ನೋವು ನಿಂತಿತೆಂದು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ.

ಮೊನ್ನೆ ನಾನು ರೊಟ್ಟಿ ಕಡಿದ ಸಪ್ಪಳ ಕೇಳಿ ಅತ್ತೆ ನಕ್ಕರು: “ಉಳೀತಲ್ಲ ಹಲ್ಲು!”