ಮಮದಾಪುರದ ಕೆರೆಯೂ ದೋಣಿಯ ಧರ್ಮವೂ

ವಿಜಯಪುರಕ್ಕೆ ಬರುವ ಪ್ರವಾಸಿಗರು ಗೋಳಗುಮ್ಮಟದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ಪ್ರತಿಧ್ವನಿಯನ್ನು ಕೇಳಿ, ಇಬ್ರಾಹಿಂ ರೋಜಾದ ಕುಸುರಿ ಕೆಲಸಕ್ಕೆ ಬೆರಗಾಗಿ, ಸಂಜೆಯ ಗಾಡಿಗೆ ಹಿಂದಿರುಗುವುದು ವಾಡಿಕೆ. ಆ ಗುಮ್ಮಟವನ್ನು ತನ್ನ ಸಮಾಧಿಗಾಗಿ ಕಟ್ಟಿಸಿಕೊಂಡ ಮುಹಮ್ಮದ್ ಆದಿಲಶಹನು ಬದುಕಿರುವವರಿಗಾಗಿ ಕಟ್ಟಿಸಿದ ಇನ್ನೊಂದು ಕೃತಿ ನಗರದಿಂದ ನೈಋತ್ಯಕ್ಕೆ ಸುಮಾರು 35 ಕಿಲೋಮೀಟರು ದೂರದಲ್ಲಿದೆಯೆಂಬುದು ಅನೇಕರಿಗೆ ತಿಳಿಯದು. ಅದೇ ಮಮದಾಪುರದ ಕೆರೆ. ಊರಿನ ಹೆಸರೂ ಆ ಸುಲ್ತಾನನದೇ. ಮುಹಮ್ಮದಪುರವೆಂಬುದು ಜನರ ನಾಲಗೆಯಲ್ಲಿ ಸವೆದು ಸವೆದು ಮಮದಾಪುರವಾಗಿದೆ.

ನಗರವನ್ನು ಬಿಟ್ಟು ಬಬಲೇಶ್ವರದ ಕಡೆಗೆ ಹೊರಟರೆ ದಾರಿಯ ಎರಡೂ ಬದಿಗೆ ಬಯಲೋ ಬಯಲು. ಹಿಂಗಾರಿನ ದಿನಗಳಾದರೆ ಎರೆಭೂಮಿಯ ಮೇಲೆ ಬಿಳಿಜೋಳ ತೂಗಾಡುತ್ತಿರುತ್ತದೆ. ಬೇಸಗೆಯಾದರೆ ಬಿರುಕುಬಿಟ್ಟ ಕರಿನೆಲ, ಅಲ್ಲೊಂದು ಇಲ್ಲೊಂದು ಜಾಲಿಯ ಗಿಡ. ಬರಗಾಲವನ್ನು ನೆಂಟನಂತೆ ಬಲ್ಲ ನಾಡು ಇದು. ಇಂಥ ನಾಡಿನಲ್ಲಿ ಏರಿಯ ಮೇಲೆ ಕಾಲಿಟ್ಟೊಡನೆ ಕಣ್ಣೆದುರು ಬಿಚ್ಚಿಕೊಳ್ಳುವ ಜಲರಾಶಿಯನ್ನು ಕಂಡಾಗ ಮೊದಲು ಆಗುವುದು ಆನಂದವಲ್ಲ, ಅಪನಂಬಿಕೆ. ಇದೇನು, ಕಡಲಿನ ಒಂದು ತುಂಡು ದಾರಿ ತಪ್ಪಿ ಇಲ್ಲಿಗೆ ಬಂದಿತೇ ಎನಿಸುತ್ತದೆ.

1633ರಲ್ಲಿ ಈ ಕೆರೆಯ ಕಟ್ಟೆಯನ್ನು ಕಟ್ಟಿದವರು ಕಲ್ಲಿನ ಕೆಲಸವನ್ನು ಬಲ್ಲವರು. ಸುಮಾರು ನಾಲ್ಕು ಶತಮಾನಗಳ ಮಳೆ ಬಿಸಿಲುಗಳನ್ನು ಅದು ತಾಳಿಕೊಂಡಿದೆ. ಆದರೆ ಕಟ್ಟೆ ಗಟ್ಟಿಯಾಗಿದ್ದ ಮಾತ್ರಕ್ಕೆ ಕೆರೆ ತುಂಬುವುದಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ವಿಸ್ತಾರವೆಲ್ಲ ಬರಿದಾಗಿ ಬಣಗುಡುತ್ತಿದ್ದುದನ್ನು ಊರ ಹಿರಿಯರು ಇಂದಿಗೂ ನೆನೆಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಕೃಷ್ಣೆಯ ನೀರನ್ನು ಏತ ನೀರಾವರಿಯಿಂದ ಎತ್ತಿ ಈ ಭಾಗದ ಕೆರೆಗಳಿಗೆ ತುಂಬಿಸತೊಡಗಿದ ಮೇಲೆ ನೀರಿನ ಮುಖವನ್ನು ಕಾಣುವ ಭಾಗ್ಯ ಈ ಸೀಮೆಗೆ ಮರಳಿ ಬಂದಿದೆ. ಬಾವಿಗಳಲ್ಲಿ ಸೆಲೆ ಏರಿದೆ, ಹಕ್ಕಿಗಳು ಬಂದಿವೆ. ಹಕ್ಕಿಗಳ ಹಿಂದೆಯೇ ಭಾನುವಾರದ ಬುತ್ತಿ ಕಟ್ಟಿಕೊಂಡು ಪಟ್ಟಣದ ಸಂಸಾರಗಳೂ ಬರತೊಡಗಿವೆ.

ಇಷ್ಟು ನೀರನ್ನು ಕಂಡಮೇಲೆ ದೋಣಿಯ ನೆನಪಾಗದವರು ಯಾರು? ಮಕ್ಕಳಂತೂ ಏರಿಯನ್ನು ಹತ್ತುವ ಮೊದಲೇ ಆ ಮಾತನ್ನೆತ್ತುತ್ತಾರೆ. ಕಡಲ ಕರೆಯ ಮಗು ತಂದೆಯ ಹೆಗಲ ಮೇಲೆಯೇ ಅಲೆಯ ಸ್ವಭಾವವನ್ನು ಅರಿಯುತ್ತದೆ. ನಮ್ಮ ಬಯಲುಸೀಮೆಯವರಿಗೆ ಆ ಪಾಠ ದೊರೆತಿಲ್ಲ. ಬೊಗಸೆ ನೀರನ್ನು ಜೋಪಾನ ಮಾಡಲು ಬಲ್ಲೆವು. ಮಡುವಿನ ನೀರಿನೊಡನೆ ನಡೆದುಕೊಳ್ಳುವ ರೀತಿಯನ್ನು ಇನ್ನೂ ಕಲಿಯಬೇಕಾಗಿದೆ.

ಏರಿಯ ಕೆಳಗೆ ಹರಿಗೋಲನ್ನು ಬೋರಲು ಹಾಕಿ ಬಲೆ ಬಿಡಿಸುತ್ತ ಕುಳಿತಿದ್ದ ಹಿರಿಯ ಮೀನುಗಾರರೊಬ್ಬರನ್ನು ಮಾತಿಗೆಳೆದೆ.

“ಕಾಕಾ, ದಿನಾ ಒಬ್ಬರ ನೀರಾಗ ಹೋಗ್ತೀರಿ. ಅಂಜಿಕಿ ಆಗೂದಿಲ್ಲೇನ್ರಿ?”

“ಅಂಜಿಕಿ ಇರಬೇಕ್ರಿ ಸರ. ಅಂಜಿದಾಂವ ಸಂಜಿಗೆ ಮನಿಗೆ ಬರ್ತಾನ.” ಸ್ವಲ್ಪ ತಡೆದು ಮತ್ತೆ ಅಂದರು: “ಕುಡದಾಂವಗ ಅಂಜಿಕಿ ಇರೂದಿಲ್ರಿ. ನೆಲದ ಮ್ಯಾಲ ತೂರಾಡಿ ಬಿದ್ರ ಧೂಳಾ ಝಾಡಿಸಿಕೊಂಡು ಏಳಬಹುದು. ನೀರಾಗ ಬಿದ್ರ ಏನ ಝಾಡಿಸಿಕೊಳ್ಳೂದ್ರಿ?”

ಶಾಸ್ತ್ರವನ್ನೋದದ ಆ ಹಿರಿಯರ ಮಾತಿಗೆ ಶರೀರಶಾಸ್ತ್ರವೂ ತಲೆದೂಗುತ್ತದೆ. ಮದ್ಯವು ಮೊಟ್ಟಮೊದಲು ಕದಿಯುವುದು ಕಾಲಿನ ಬಲವನ್ನಲ್ಲ, ವಿವೇಕವನ್ನು. ‘ಗಾಳಿ ಎದ್ದಿದೆ, ಹಿಂದಿರುಗೋಣ’ ಎಂದು ಹೇಳಬೇಕಾದ ಬುದ್ಧಿಯೇ ‘ಇನ್ನೊಂದು ಸುತ್ತು ಹೋಗೋಣ’ ಎನ್ನತೊಡಗುತ್ತದೆ. ಅನಂತರ ಕಣ್ಣು ಮಂಜಾಗುತ್ತದೆ. ಪಕ್ಕದಿಂದ ಬರುವ ದೋಣಿ ಕಾಣುವುದು ತಡವಾಗುತ್ತದೆ. ಕಂಡ ಮೇಲೆ ಕೈ ಆಡುವುದು ಇನ್ನೂ ತಡವಾಗುತ್ತದೆ. ನೆಲದ ಮೇಲಿಗಿಂತ ನೀರಿನ ಮೇಲೆ ಇದರ ಕೇಡು ಹೆಚ್ಚು. ಬಿಸಿಲು, ಗಾಳಿ, ಯಂತ್ರದ ಸದ್ದು, ದೋಣಿಯ ಎಡೆಬಿಡದ ಕಂಪನ ಇವೆಲ್ಲ ಸೇರಿ ಕುಡಿಯದವನನ್ನೂ ದಣಿಸುತ್ತವೆ. ಕುಡಿದವನಿಗೆ ಈ ದಣಿವೂ ಆ ಅಮಲಿನ ಜೊತೆ ಕೂಡಿಕೊಳ್ಳುತ್ತದೆ. ಕುಡಿದರೆ ಮೈ ಬೆಚ್ಚಗಾಗುತ್ತದೆಂಬುದೂ ಭ್ರಮೆಯೇ. ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ ಬಿಸಿ ತೋರುತ್ತದೆ, ಅಷ್ಟೇ. ನೀರಿಗೆ ಬಿದ್ದವನ ದೇಹದ ಶಾಖ ಅದೇ ದಾರಿಯಿಂದ ಬೇಗ ಸೋರಿಹೋಗುತ್ತದೆ. ಕಡುಕಾಫಿಯಾಗಲಿ ತಣ್ಣೀರಾಗಲಿ ಅಮಲನ್ನು ಇಳಿಸಲಾರವು. ಇಳಿಸುವುದು ಕಾಲವೊಂದೇ.

ಹರಿಗೋಲಿನ ರಚನೆಯನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಅದು ದುಂಡಗಿನ ಬುಟ್ಟಿ. ಅದಕ್ಕೆ ಮುಂದು ಹಿಂದುಗಳಿಲ್ಲ, ನೀರನ್ನು ಸೀಳುವ ಅಡಿಗಟ್ಟೂ ಇಲ್ಲ. ಹುಟ್ಟು ಹಾಕುವವನ ಕೈ ಹದ ತಪ್ಪಿದರೆ ಬುಗುರಿಯಂತೆ ತಿರುಗುತ್ತದೆ. ನಾಲ್ವರು ಒಮ್ಮೆಗೇ ಒಂದು ಅಂಚಿಗೆ ವಾಲಿದರೆ ಮಗುಚುತ್ತದೆ. ಆದುದರಿಂದ ಕುಡಿದ ಅಂಬಿಗನೊಬ್ಬನೇ ಅಪಾಯವಲ್ಲ. ನಡುನೀರಿನಲ್ಲಿ ಎದ್ದು ನಿಂತು ಕುಣಿಯುವ ಕುಡಿದ ಪ್ರಯಾಣಿಕನೂ ಅಷ್ಟೇ ಅಪಾಯಕಾರಿ.

ನಮ್ಮ ಪೂರ್ವಿಕರು ಅಂಬಿಗನ ಕೆಲಸವನ್ನು ಹಗುರವೆಂದು ತಿಳಿದವರಲ್ಲ. ಹನ್ನೆರಡನೆಯ ಶತಮಾನದ ಶರಣರ ನಡುವೆ ಅಂಬಿಗರ ಚೌಡಯ್ಯ ತನ್ನ ಕಾಯಕದ ಹೆಸರಿನಿಂದಲೇ ವಚನಕಾರನಾಗಿ ನಿಂತ. ಇಂದಿಗೂ ನಾವು ರಾಜ್ಯದ ಚುಕ್ಕಾಣಿ, ಸಂಸಾರದ ಚುಕ್ಕಾಣಿ ಎನ್ನುತ್ತೇವೆ. ಹಲವರ ಪ್ರಾಣ ಒಬ್ಬನ ಕೈಯಲ್ಲಿರುವ ಸ್ಥಿತಿಯನ್ನು ಹೇಳಲು ಭಾಷೆಗೆ ಇದಕ್ಕಿಂತ ತಕ್ಕ ಮಾತು ದೊರೆಯಲಿಲ್ಲ.

ಆ ಒಬ್ಬನ ವಿವೇಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಕಣ್ಣೀರಿನ ನಿದರ್ಶನಗಳಿವೆ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆಯನ್ನು ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಮಡಿದರು. ಹತ್ತಿಸಿಕೊಳ್ಳಬೇಕಾದುದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ನಮ್ಮ ಜಿಲ್ಲೆಯಲ್ಲಿಯೇ, 2024ರ ಜುಲೈ ತಿಂಗಳ ಮೊದಲ ವಾರದಲ್ಲಿ, ಕೊಲ್ಹಾರದ ಸಮೀಪ ಕೃಷ್ಣೆಯ ದಂಡೆಯಲ್ಲಿ ಜೂಜಾಡುತ್ತಿದ್ದವರು ಪೊಲೀಸರು ಬಂದರೆಂದು ಹೆದರಿ ಹರಿಗೋಲು ಹತ್ತಿದರು. ಅದು ಮಗುಚಿ ಹಲವರು ನೀರುಪಾಲಾದರು. ಈ ದುರಂತಗಳಿಗೆ ಮದ್ಯವೇ ಕಾರಣವೆಂದು ನಾನು ಹೇಳುತ್ತಿಲ್ಲ. ಒಂದೆಡೆ ಮರಳುವ ಆತುರ, ಇನ್ನೊಂದೆಡೆ ದಿಗಿಲು. ಆತುರ ದಿಗಿಲುಗಳಿಂದ ಒಂದು ಗಳಿಗೆ ತಪ್ಪುವ ವಿವೇಕವನ್ನು ಮದ್ಯವು ಗಂಟೆಗಟ್ಟಲೆ ತಪ್ಪಿಸಿಡುತ್ತದೆ ಎಂಬುದಷ್ಟೇ ನನ್ನ ಮಾತು.

ದೋಣಿಗಳು ಅಸಂಖ್ಯಾತವಾಗಿರುವ ಅಮೆರಿಕದ ಲೆಕ್ಕವನ್ನು ನೋಡಿದರೆ ಈ ಸಂಗತಿ ಅಂಕಿಗಳಲ್ಲಿಯೇ ಕಾಣುತ್ತದೆ. 2023ರಲ್ಲಿ ಅಲ್ಲಿ ವಿಹಾರದೋಣಿಗಳ ಅಪಘಾತಗಳಲ್ಲಿ 564 ಮಂದಿ ಸತ್ತರು. ಮಾರಕ ಅಪಘಾತಗಳಿಗೆ ತಿಳಿದುಬಂದ ಕಾರಣಗಳಲ್ಲಿ ಮದ್ಯಪಾನವೇ ಮೊದಲನೆಯದಾಗಿತ್ತು. ಸಾವಿನ ಬಗೆ ತಿಳಿದವರಲ್ಲಿ ನೂರಕ್ಕೆ 75 ಮಂದಿ ಮುಳುಗಿ ಸತ್ತವರು. ಹಾಗೆ ಮುಳುಗಿದವರಲ್ಲಿ ನೂರಕ್ಕೆ 87 ಮಂದಿ ಲೈಫ್ ಜಾಕೆಟ್ ತೊಟ್ಟಿರಲಿಲ್ಲ.

ನಮ್ಮಲ್ಲಿ 1917ರ ಹಳೆಯ ಕಾಯಿದೆಯ ಸ್ಥಾನಕ್ಕೆ 2021ರಲ್ಲಿ ಒಳನಾಡಿನ ನೌಕೆಗಳ ಹೊಸ ಕಾಯಿದೆ ಬಂದಿದೆ. ರಸ್ತೆಯ ಮೇಲಾದರೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರವಿದ್ದ ಚಾಲಕ ಶಿಕ್ಷಾರ್ಹ. ಆದರೆ ಪೊಲೀಸರು ಊದಿಸಿ ನೋಡುವುದು ಹೆದ್ದಾರಿಯಲ್ಲಿ. ಹಳ್ಳಿಯ ಕೆರೆಯ ನಡುವೆ ಅವರು ಇರುವುದಿಲ್ಲ. ಅಲ್ಲಿ ಕಾಯಬೇಕಾದವರು ದೋಣಿ ಹತ್ತುವ ನಾವೇ.

ಹಾಗಾದರೆ ಮಾಡಬೇಕಾದುದೇನು? ಕಷ್ಟದ ಕೆಲಸವೇನೂ ಅಲ್ಲ. ದೋಣಿ ನಡೆಸುವವನ ಬಾಯಿಂದ ವಾಸನೆ ಬಂದರೆ ಹತ್ತಬೇಡಿ. ಹಣ ಕೊಟ್ಟಾಗಿದೆಯೆಂಬ ಸಂಕೋಚವೂ ಬೇಡ. ನಿಮ್ಮ ಗೆಳೆಯರೇ ಹುಟ್ಟು ಹಿಡಿಯುವವರಾದರೆ, ನೀರಿನಿಂದ ಮೇಲೆ ಬರುವವರೆಗೆ ಅವರ ಕೈಗೆ ಲೋಟ ಕೊಡಬೇಡಿ. ಜಾಕೆಟ್ಟನ್ನು ಸೀಟಿನ ಕೆಳಗಿಡುವುದಲ್ಲ, ತೊಟ್ಟು ಪಟ್ಟಿಗಳನ್ನು ಬಿಗಿಯಬೇಕು. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು, ದೊಡ್ಡವರದು ತಲೆಯಿಂದ ಜಾರಿಹೋಗುತ್ತದೆ. ಹರಿಗೋಲಿನಲ್ಲಿ ತಳಕ್ಕೆ ಕೂಡಿರಿ, ಚಿತ್ರ ತೆಗೆಯಲೆಂದು ಏಳಬೇಡಿ. ಅಕಸ್ಮಾತ್ ದೋಣಿ ಮಗುಚಿದರೆ ದಡ ಹತ್ತಿರ ಕಂಡಿತೆಂದು ಈಜಹೊರಡದೆ, ತೇಲುತ್ತಿರುವ ದೋಣಿಯನ್ನೇ ಹಿಡಿದಿರಿ. ದಡದಲ್ಲಿರುವವರು ನೀರಿಗೆ ಧುಮುಕುವ ಬದಲು ಹಗ್ಗವನ್ನೋ ಸೀರೆಯನ್ನೋ ಎಸೆಯಲಿ. ಉದ್ದನೆಯ ಗಳವನ್ನು ಚಾಚಲಿ. ಒಬ್ಬನನ್ನುಳಿಸಲು ಹೋಗಿ ಇಬ್ಬರು ಮುಳುಗಿದ ಸುದ್ದಿಯನ್ನು ಪ್ರತಿ ಬೇಸಗೆಯಲ್ಲೂ ಓದುತ್ತೇವೆ.

ಓದುಗರೇ, ಇಷ್ಟೆಲ್ಲ ಹೇಳಿ ನಿಮ್ಮನ್ನು ನೀರಿನಿಂದ ದೂರವಿಡುವ ಉದ್ದೇಶ ನನ್ನದಲ್ಲ. ಮಳೆಗಾಲ ಕಳೆದು, ಕೆರೆ ತುಂಬಿ, ಹೊಲಗಳಲ್ಲಿ ಜೋಳ ಮೊಳಕಾಲೆತ್ತರ ಬಂದಿರುವಾಗ ಮಮದಾಪುರಕ್ಕೆ ಅವಶ್ಯವಾಗಿ ಬನ್ನಿ. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು ಇರಲಿ. ಏರಿಯ ಮೇಲೆ ಕುಳಿತು, ಹೊತ್ತು ಮುಳುಗುವಾಗ ನೀರೆಲ್ಲ ಕುಂಕುಮ ಕಲಸಿದಂತಾಗುವುದನ್ನು ನೋಡಿ. ತಲೆತಲಾಂತರದಿಂದ ಮಳೆಗಾಗಿ ಮುಗಿಲನ್ನು ನೋಡುತ್ತ ಕಾದ ಜನರ ಊರಿದು. ಅಷ್ಟು ಕಾಲ ಕಾದು ಪಡೆದ ನೀರು ಯಾವ ಮನೆಗೂ ಕಣ್ಣೀರು ತರದಿರಲಿ.