ಉಗ್ರಾಣದ ಮೂಲೆಯ ಮೋಟರು

ಪಿಂಪ್ರಿಯ ಕಾರ್ಖಾನೆಯೊಂದರ ದುರಸ್ತಿ ವಿಭಾಗದಲ್ಲಿ ನಾವು ನಾಲ್ವರು ಕನ್ನಡಿಗರಿದ್ದೆವು. ಪ್ರತಿ ಮಾರ್ಚ್ ತಿಂಗಳಲ್ಲಿ ಲೆಕ್ಕಪತ್ರ ವಿಭಾಗದವರೊಡನೆ ನಮಗೊಂದು ಜಗಳ ತಪ್ಪುತ್ತಿರಲಿಲ್ಲ. ಉಗ್ರಾಣದ ಮೂಲೆಯಲ್ಲಿರುವ 75 ಕಿಲೋವ್ಯಾಟ್ ಮೋಟರು ಆರು ವರ್ಷಗಳಿಂದ ಕದಲಿಲ್ಲ, ಅದರಲ್ಲಿ ಹಣ ಸುಮ್ಮನೆ ಕೊಳೆಯುತ್ತಿದೆ, ಮಾರಿಬಿಡಿ ಎಂಬುದು ಅವರ ವಾದ.

ವಾದ ಪೂರ್ತಿ ಸುಳ್ಳಲ್ಲ. ವರ್ಷದ ಬಳಕೆಯ ಮೌಲ್ಯ ನೋಡಿ ಬಿಡಿಭಾಗಗಳನ್ನು ಎ, ಬಿ, ಸಿ ಎಂದು ವಿಂಗಡಿಸುವ ಪದ್ಧತಿಯಲ್ಲಿ ಬಳಕೆಯೇ ಆಗದ ವಸ್ತುವಿಗೆ ಮರ್ಯಾದೆಯಿಲ್ಲ. ನಾವು ಹಿಡಿದದ್ದು ಬೇರೆ ವಿಂಗಡಣೆ: ಇಲ್ಲದಿದ್ದರೆ ಯಂತ್ರವೇ ನಿಲ್ಲುವಂಥದು, ಕುಂಟುತ್ತ ನಡೆಯುವಂಥದು, ಹೇಗೋ ಸುಧಾರಿಸಿಕೊಳ್ಳಬಹುದಾದದ್ದು. ತಂಪುನೀರಿನ ಪಂಪಿನ ಮೋಟರು ಮೊದಲನೆಯ ಜಾತಿಯದು. ವಿಜಾಪುರದ ಕಡೆಯ ನಮ್ಮ ಹಿರಿಯರೊಬ್ಬರು ಹಗೇವಿನ ಜೋಳದ ಹೋಲಿಕೆ ಕೊಟ್ಟರು. ಮರಾಠಿಯಲ್ಲಿ ಅದಕ್ಕೆ ‘ಪೇವ್’ ಎನ್ನುತ್ತಾರಂತೆ. ಲೆಕ್ಕಪತ್ರದವರಿಗೆ ಕೂಡಲೇ ಅರ್ಥವಾಯಿತು. ಮೋಟರು ಉಳಿಯಿತು.

ಜುಲೈ ತಿಂಗಳ ಒಂದು ಮಳೆಯ ರಾತ್ರಿ ಪಂಪಿನ ಮೋಟರು ಸುಟ್ಟಿತು. ಒಂದಿಷ್ಟು ಹೆಮ್ಮೆಯಿಂದಲೇ ಮೂಲೆಯ ಮೋಟರನ್ನು ಹೊರತೆಗೆದೆವು. ಮೆಗ್ಗರ್ ಹಚ್ಚಿ ನೋಡಿದರೆ ಸುರುಳಿ ಚೆನ್ನಾಗಿಯೇ ಇತ್ತು. ಜೋಡಿಸಿ ಚಾಲೂ ಮಾಡಿದೆವು. ಮೊದಲಿನಿಂದಲೇ ಒಂದು ಗೊರಗೊರ ಸದ್ದು. ಎರಡು ಗಂಟೆಯೊಳಗೆ ಬೇರಿಂಗ್ ಕೈಯಿಡಲಾಗದಷ್ಟು ಕಾಯಿತು. ನಿಲ್ಲಿಸಿ ಬಿಚ್ಚಿದೆವು.

ಉಂಗುರದ ಹಾದಿಯಲ್ಲಿ, ಗುಂಡುಗಳ ಅಂತರಕ್ಕೆ ಸರಿಯಾಗಿ, ಎಣಿಸಿ ಇಟ್ಟಂತೆ ತಗ್ಗುಗಳಿದ್ದವು. ಉಗ್ರಾಣದ ಗೋಡೆಯಾಚೆ ಕಂಪ್ರೆಸರ್ ಇದೆ. ಆರು ವರ್ಷ ಅದರ ನಡುಕ ನೆಲದೊಳಗಿಂದ ಬಂದು, ನಿಂತ ಗುಂಡುಗಳು ಕೂತಲ್ಲೇ ಉಜ್ಜಿ, ಗ್ರೀಸನ್ನು ಪಕ್ಕಕ್ಕೆ ತಳ್ಳಿ, ಉಕ್ಕನ್ನು ಸವೆಸಿದ್ದವು. ತಿಂಗಳಿಗೊಮ್ಮೆ ಕೈಯಿಂದ ಶಾಫ್ಟನ್ನು ಒಂದೆರಡು ಸುತ್ತು ತಿರುಗಿಸಿ ಬೇರೆ ಜಾಗದಲ್ಲಿ ನಿಲ್ಲಿಸಬೇಕೆಂಬುದು ನಮಗೆಲ್ಲ ತಿಳಿದಿತ್ತು. ಅದು ಉಗ್ರಾಣದವರ ಕೆಲಸವೆಂದು ನಾವು, ದುರಸ್ತಿಯವರ ಕೆಲಸವೆಂದು ಅವರು.

ಬೇಕಾದದ್ದು 6316 ಬೇರಿಂಗ್. ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ, ಎಂಬತ್ತು ಮಿಲಿಮೀಟರ್. ದಫ್ತರದಲ್ಲಿ ಇಲ್ಲವೆಂದಿತ್ತು. ಬೆಳಿಗ್ಗೆ ಅಂಗಡಿ ತೆರೆಯುವವರೆಗೆ ಕಾದು ತಂದೆವು. ಕಾರ್ಖಾನೆ ಮಧ್ಯಾಹ್ನದವರೆಗೆ ನಿಂತಿತು. ವಾರದ ನಂತರ ‘ಬ್ಲೋವರ್ ಬೇರಿಂಗ್’ ಎಂಬ ಚೀಟಿ ಅಂಟಿಸಿದ್ದ ಡಬ್ಬಿಯಲ್ಲಿ ಅಂಥವೇ ಎರಡು ಸಿಕ್ಕವು.

ವರದಿಯಲ್ಲಿ ಕಾರಣವೆಂಬ ಕಲಮಿನ ಮುಂದೆ ‘ಬೇರಿಂಗ್ ದೋಷ’ ಎಂದು ಬರೆದು ನಾಲ್ವರೂ ಸಹಿ ಹಾಕಿದೆವು. ಬೇರಿಂಗಿನಲ್ಲಿ ಯಾವ ದೋಷವೂ ಇರಲಿಲ್ಲ.

ಈಗ ಶಾಫ್ಟಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿ ಪ್ರತಿ ತಿಂಗಳ ಮೊದಲ ಸೋಮವಾರ ತಿರುಗಿಸುತ್ತೇವೆ. ಮುಂದಿನ ಮಾರ್ಚ್‌ನಲ್ಲಿ ಲೆಕ್ಕಪತ್ರದವರು ಜಗಳಕ್ಕೆ ಬರಲಿಲ್ಲ. ‘ನೀವು ಇಟ್ಟುಕೊಂಡದ್ದು ಒಳ್ಳೆಯದೇ ಆಯಿತು’ ಎಂದರು. ನಾವು ತಲೆಯಾಡಿಸಿದೆವು.