ಅಜ್ಜಿಯ ಸೆರಗಿನ ಗಂಟಿನಲ್ಲಿದ್ದ ಗೆಳೆತನ

ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಯ ಪಡಸಾಲೆ ತುಂಬ ರಷ್ಯಾ ಹರಡಿಕೊಳ್ಳುತ್ತಿತ್ತು. ಅಪ್ಪ ವರ್ಷವಿಡೀ ಕೂಡಿಟ್ಟಿದ್ದ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ಹಾಳೆಗಳನ್ನು ಬಿಡಿಸಿ ಅಕ್ಕ ನಮ್ಮ ಶಾಲೆ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದಳು, ಅನ್ನದಗುಳು ತಿಕ್ಕಿ ಲೇಬಲ್ ಅಂಟಿಸುತ್ತಿದ್ದಳು. ಎಂಥ ನುಣುಪು ಹಾಳೆ! ಗಣಿತದ ಮೇಲೆ ಗೋಧಿಯ ಹೊಲ, ಕನ್ನಡದ ಮೇಲೆ ಹಿಮದಲ್ಲಿ ಆಡುವ ಕೆಂಪು ಕೆನ್ನೆಯ ಮಕ್ಕಳು. ಕ್ರೆಮ್ಲಿನ್ ಗೋಪುರದ ಹಾಳೆ ಯಾರಿಗೆಂದು ನನಗೂ ತಮ್ಮನಿಗೂ ಪ್ರತಿವರ್ಷ ಜಗಳ.

1971ರ ಆಗಸ್ಟ್ 9ರಂದು ದೆಹಲಿಯಲ್ಲಿ ಭಾರತ, ಸೋವಿಯತ್ ಒಕ್ಕೂಟ ಎರಡೂ ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿದ್ದು ನಮಗೆ ಬರೀ ಪರೀಕ್ಷೆಯ ಪ್ರಶ್ನೆ. ಸ್ನೇಹ ಎಂದರೆ ನವಕರ್ನಾಟಕದ ಪುಸ್ತಕ ಮಳಿಗೆಯಿಂದ ಅಪ್ಪ ತರುತ್ತಿದ್ದ, ಮಾಸ್ಕೋದಲ್ಲೇ ಕನ್ನಡದಲ್ಲಿ ಅಚ್ಚಾದ ರಾದುಗ ಪ್ರಕಾಶನದ ಕಥೆಪುಸ್ತಕ. ಅಷ್ಟು ದೂರದ ಚಳಿಯೂರಿನಲ್ಲಿ ಯಾರೋ ನಮಗಾಗಿ ಕೂತು ನಮ್ಮ ಒತ್ತಕ್ಷರಗಳನ್ನು ಜೋಡಿಸಿದ್ದಾರಲ್ಲ ಎಂದು ನೆನೆದರೆ ಈಗಲೂ ಮನಸ್ಸು ತೇವವಾಗುತ್ತದೆ.

ಇನ್ನು ಆರ್ಯಭಟ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ನಮ್ಮ ಉಡುಪಿ ಕಡೆಯ ಯು. ಆರ್. ರಾವ್ ಮತ್ತವರ ಸಂಗಡಿಗರು ಕಟ್ಟಿದ 360 ಕಿಲೋ ತೂಕದ ಉಪಗ್ರಹ, 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ, ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಮುಂದೆ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರ ಬಂತು. ಓದುಬರಹ ಅರಿಯದ ನಮ್ಮಜ್ಜಿ ಆ ನೋಟನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡು ಸಂತೆಗೆ ಹೋಗುತ್ತಿದ್ದಳು. ಎರಡು ದೇಶಗಳ ಗೆಳೆತನ ಸೊಪ್ಪು, ಬೆಲ್ಲ ಕೊಂಡು ಮನೆಗೆ ಬರುತ್ತಿತ್ತು.

1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಪತ್ರಿಕೆಯೂ ನಿಂತಿತು, ಆ ಪುಸ್ತಕಗಳೂ ನಿಂತವು. ರಷ್ಯಾದೊಂದಿಗಿನ ನಂಟು ಹರಿದಿಲ್ಲ, ನಿಜ. ಜೊತೆಗೂಡಿ ಬ್ರಹ್ಮೋಸ್ ಕ್ಷಿಪಣಿ ಕಟ್ಟಿದ್ದೇವೆ, ಹಡಗುಗಟ್ಟಲೆ ಕಚ್ಚಾತೈಲ ಬರುತ್ತಿದೆ, ನಮ್ಮ ಮಕ್ಕಳು ಡಾಕ್ಟರಿಕೆ ಓದಲು ಅಲ್ಲಿಗೆ ಹೋಗುತ್ತಿದ್ದಾರೆ. ದೇಶ ನಡೆಯಲು ಎಣ್ಣೆ ಬೇಕು, ಆಯುಧ ಬೇಕು, ಅಲ್ಲಗಳೆಯಲಾರೆ. ಆದರೆ ಈ ಕೊಡುಕೊಳ್ಳುವಿಕೆಯ ಲೆಕ್ಕದಲ್ಲಿ ಮಗುವಿನ ಕೈಗೆ ಸಿಗುವಂಥದ್ದು ಒಂದೂ ಇಲ್ಲ. ನನ್ನ ಮೊಮ್ಮಗಳಿಗೆ ರಷ್ಯಾ ಎಂದರೆ ಟೀವಿಯಲ್ಲಿ ಕಾಣುವ ಯುದ್ಧ. ಅಲ್ಲಿಯೂ ಹಿಮದಲ್ಲಿ ಮಕ್ಕಳು ಆಡುತ್ತಾರೆಂದು ಅವಳಿಗೆ ತೋರಿಸುವ ಹಾಳೆ ಈಗ ಮನೆಗೆ ಬರುವುದಿಲ್ಲ.

ನಿಮ್ಮ ಅಟ್ಟದ ಮೇಲೆ ಅಂಥ ಒಂದು ಪುಸ್ತಕ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಧೂಳು ಕೊಡವಿ, ಮನೆಯ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳಿ.